ರಸಾಸ್ವಾದವೂ ಹಂಚಿಕೆಯೂ

ಒಳ್ಳೆಯ ಹಾಡೊಂದನ್ನು ಕೇಳಿದವನು, ಸೊಗಸಾದ ಕಾವ್ಯಭಾಗವೊಂದನ್ನು ಓದಿದವನು, ಅಂದವಾದ ಚಿತ್ರವನ್ನೋ ಶಿಲ್ಪವನ್ನೋ ಕಂಡವನು ಅದನ್ನು ಮತ್ತೊಬ್ಬರಿಗೆ ತಿಳಿಸದೆ ಇರಲಾರನು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆತನ ಸಂತೋಷಕ್ಕೆ ಏನೋ ಒಂದು ಕೊರತೆಯುಂಟಾದಂತೆ ತೋರುವುದು. ಇದು ಲೋಕದಲ್ಲಿ ಎಲ್ಲರ ಅನುಭವ. ಆದರೆ ಈ ಬಯಕೆಯು ಎಂತಹುದು? ನಾಲಗೆಯ ಚಾಪಲ್ಯವೆ, ತನ್ನ ಅಭಿರುಚಿಯನ್ನು ಮೆರೆಯಿಸಬೇಕೆಂಬ ಹೆಮ್ಮೆಯೆ, ಅಥವಾ ಸಲ್ಲಿಸಲೇಬೇಕಾದ ಒಂದು ಋಣವೆ? ವಿದುರನು ನಿದ್ರೆಗಾಣದ ಧೃತರಾಷ್ಟ್ರನಿಗೆ ನೀತಿಯನ್ನು ಹೇಳುವಾಗ, ರುಚಿಯಾದುದನ್ನು ಒಬ್ಬನೇ ಉಣ್ಣಬಾರದೆಂಬ ಮಾತನ್ನೂ ಸೇರಿಸಿರುವನು. ಅನ್ನದ ವಿಷಯದಲ್ಲಿ ಇದರ ಅರ್ಥ ಸ್ಪಷ್ಟವಾಗಿದೆ: ಪಕ್ಕದವನ ಎಲೆಗೆ ಬಡಿಸಿದಷ್ಟೂ ತನ್ನ ಎಲೆಯಲ್ಲಿ ಕಡಮೆಯಾಗುವುದು, ಆದ ಕಾರಣ ಅದು ತ್ಯಾಗ. ಹಾಡಿನ ವಿಷಯದಲ್ಲಿ ಹಾಗಲ್ಲ. ನೂರು ಮಂದಿ ಕೇಳಿದರೂ ಮೊದಲು ಕೇಳಿದವನ ಪಾಲು ಅಷ್ಟೇ ಉಳಿಯುವುದು. ಕಳೆದುಕೊಳ್ಳುವುದು ಏನೂ ಇಲ್ಲದ ಕಡೆ ಧರ್ಮವೆಂಬ ದೊಡ್ಡ ಮಾತೇಕೆ ಎಂದು ತಾರ್ಕಿಕನು ಕೇಳಬಹುದು. ಆಕ್ಷೇಪವು ಬಲವಾದುದೇ. ಅದಕ್ಕೆ ಸಮಾಧಾನವನ್ನು ಹುಡುಕುವುದೇ ಇಲ್ಲಿಯ ವಿಚಾರ.

ಮೊದಲು ಆಲಂಕಾರಿಕರು ಏನು ಹೇಳುವರೆಂಬುದನ್ನು ನೋಡಬೇಕು. ಕ್ರಿ.ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿ, ಕಾವ್ಯವನ್ನು ರಚಿಸುವವನಿಗೆ ಕಾರಯಿತ್ರಿಯೂ ಅದನ್ನು ಸವಿಯುವವನಿಗೆ ಭಾವಯಿತ್ರಿಯೂ ಬೇಕೆನ್ನುವನು. ಸವಿಯುವವನಿಗೆ ಭಾವಕನೆಂದು ಹೆಸರು. ಈ ಭಾವಕರು ನಾಲ್ಕು ಬಗೆಯವರು. ಯಾವುದೂ ರುಚಿಸದವನು ಅರೋಚಕಿ. ಅನ್ನದೊಡನೆ ಹುಲ್ಲನ್ನೂ ನುಂಗುವಂತೆ ಒಳ್ಳೆಯದು ಕೆಟ್ಟದ್ದೆಂಬ ವಿವೇಚನೆಯಿಲ್ಲದೆ ಎಲ್ಲವನ್ನೂ ಮೆಚ್ಚುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡರೂ ಬಾಯಿಬಿಟ್ಟು ಹೇಳಲೊಲ್ಲದವನು ಮತ್ಸರಿ. ತಿರುಳನ್ನು ಹಿಡಿದು ಅದರಲ್ಲಿಯೇ ನೆಲಸುವವನು ತತ್ತ್ವಾಭಿನಿವೇಶಿ. ಈ ಕೊನೆಯವನು ಸಾವಿರಕ್ಕೊಬ್ಬನು ಸಿಕ್ಕಿದರೆ ಸಿಕ್ಕಿದನಂತೆ. ಕವಿಯ ಮನಸ್ಸಿನಲ್ಲಿಯೇ ಉಳಿದುಬಿಟ್ಟ, ಭಾವಕರು ದಿಕ್ಕುದಿಕ್ಕಿಗೆ ಒಯ್ಯದ ಕಾವ್ಯದಿಂದ ಆಗುವ ಫಲವೇನೆಂದು ರಾಜಶೇಖರನೇ ಕೇಳಿರುವನು. ಎಂದ ಮೇಲೆ, ಒಯ್ಯುವುದು ಭಾವಕನ ಲಕ್ಷಣದಲ್ಲಿಯೇ ಸೇರಿತು. ತೋಟದಲ್ಲಿ ಕಾಯಿ ಕೆಡಹುತ್ತ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುವವನನ್ನು ಯಾರೂ ದೂರುವುದಿಲ್ಲ. ದೂರಬೇಕಾದುದು ಮತ್ಸರಿಯನ್ನು: ಆತನು ಬಲ್ಲನು, ಹೇಳಲೂ ಬಲ್ಲನು, ಕೇಳುವವರೂ ಎದುರಿಗಿದ್ದಾರೆ, ಆದರೂ ಹೇಳನು. ಈ ಗ್ರಂಥವೇ ಬಹುಕಾಲ ಹಸ್ತಪ್ರತಿಗಳಲ್ಲಿ ಮರೆಯಾಗಿದ್ದು, ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ಅಚ್ಚಾಯಿತು. ಯಾರೋ ತಮ್ಮ ಪೆಟ್ಟಿಗೆಯ ಬೀಗವನ್ನು ತೆಗೆಯದೆ ಇದ್ದಿದ್ದರೆ, ಒಯ್ಯುವವರನ್ನು ಹೊಗಳಿದ ಮಾತೇ ಒಯ್ಯುವವರಿಲ್ಲದೆ ಹೋಗುತ್ತಿತ್ತು.

ಹಂಚಿದರೆ ರಸವು ಕಡಮೆಯಾಗುವುದಿಲ್ಲವೆಂಬುದಷ್ಟೇ ಅಲ್ಲ, ಹೆಚ್ಚುವುದೆಂದು ಕಾಶ್ಮೀರದ ಅಭಿನವಗುಪ್ತನ ಮತ. ತನ್ನ ‘ತಂತ್ರಾಲೋಕ’ದಲ್ಲಿ ಆತನು, ಗೀತನೃತ್ತಾದಿಗಳ ಸಭೆಯಲ್ಲಿ ಅನೇಕರು ಏಕಾಗ್ರರಾಗಿ ಕುಳಿತಾಗ ಒಬ್ಬರ ಚೈತನ್ಯವು ಮತ್ತೊಬ್ಬರಲ್ಲಿ ಕನ್ನಡಿಯಲ್ಲೆಂಬಂತೆ ಪ್ರತಿಫಲಿಸಿ ವಿಕಾಸಗೊಳ್ಳುವುದೆಂದೂ, ನಡುವೆ ತನ್ಮಯನಾಗದ ಒಬ್ಬನಿದ್ದರೆ ಆ ಒಂದು ಕಡೆ ಏರುಪೇರಾದಂತಾಗುವುದೆಂದೂ ಹೇಳಿರುವನು. ಕಛೇರಿಯಲ್ಲಿ ಪಕ್ಕದವನು ಆಕಳಿಸಿದಾಗ ಆಗುವ ಕಿರುಕುಳವನ್ನು ಬಲ್ಲವರಿಗೆ ಇದಕ್ಕೆ ಬೇರೆ ಪ್ರಮಾಣ ಬೇಡ. ಭಟ್ಟನಾಯಕನು ಹೇಳಿದ ಸಾಧಾರಣೀಕರಣದ ತಾತ್ಪರ್ಯವೂ ಇದಕ್ಕೆ ಹತ್ತಿರವಾದುದೇ. ರಸಾನುಭವದ ಗಳಿಗೆಯಲ್ಲಿ ‘ನನ್ನ ದುಃಖ’, ‘ಅವನ ದುಃಖ’ ಎಂಬ ಗಡಿ ಅಳಿಸಿಹೋಗುವುದಾದರೆ, ಅಂತಹ ಅನುಭವವನ್ನು ‘ನನ್ನದು’ ಎಂದು ಬಚ್ಚಿಡುವುದು ಹೇಗೆ?

ಬಚ್ಚಿಟ್ಟುದರ ಗತಿಯೇನೆಂಬುದಕ್ಕೆ ಕನ್ನಡ ಸಾಹಿತ್ಯದ ಆರಂಭದಲ್ಲಿಯೇ ನಿದರ್ಶನವುಂಟು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ಗದ್ಯಪದ್ಯಕಾರರನ್ನು ಹೆಸರಿಸುವುದು: ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು. ಇವರ ಒಂದು ಗ್ರಂಥವೂ ಇಂದು ದೊರೆಯುವುದಿಲ್ಲ. ಹೆಸರುಗಳು ಮಾತ್ರ, ಮನೆ ಬಿದ್ದ ಮೇಲೂ ನಿಂತ ಬಾಗಿಲ ಚೌಕಟ್ಟುಗಳಂತೆ, ಉಳಿದಿರುವುವು. ಇದಕ್ಕೆ ಪ್ರತಿಯಾಗಿ ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿದ್ದ ಮಲ್ಲಿಕಾರ್ಜುನನನ್ನು ನೋಡಬಹುದು. ತಾನು ಓದಿ ಮೆಚ್ಚಿದ ಪದ್ಯಗಳನ್ನು ನಾನಾ ಕಾವ್ಯಗಳಿಂದ ಆರಿಸಿ ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಮಾಡಿದನು. ಮೂಲಗ್ರಂಥವೇ ಕಾಣೆಯಾಗಿದ್ದರೂ ಆ ಸಂಕಲನದಲ್ಲಿ ಸೇರಿದ್ದರಿಂದಲೇ ಉಳಿದ ಪದ್ಯಗಳೂ ಉಂಟು. ಮಗನಾದ ಕೇಶಿರಾಜನು ‘ಶಬ್ದಮಣಿದರ್ಪಣ’ದಿಂದ ದೊಡ್ಡ ಹೆಸರನ್ನು ಪಡೆದನು, ತಂದೆಯನ್ನು ಜನರು ಅಷ್ಟಾಗಿ ನೆನೆಯುವುದಿಲ್ಲ. ಆಯುವವನ ಪಾಲಿಗೆ ಕೀರ್ತಿಯು ಯಾವಾಗಲೂ ಕಡಮೆಯೇ.

ಇನ್ನೂ ಹಿಂದಕ್ಕೆ ಹೋದರೆ ಅತ್ತಿಮಬ್ಬೆ. ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನನಿಂದ ಬರೆಯಿಸಿದ ‘ಶಾಂತಿಪುರಾಣ’ವನ್ನು ಆಕೆಯು ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ೯೯೩ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ ರನ್ನನು ಆಕೆಯ ದಾನಗುಣವನ್ನು ಕೊಂಡಾಡಿರುವನು. ಒಂದು ಸಾವಿರವೆಂಬ ಸಂಖ್ಯೆಯನ್ನು ಇಂದಿನವರು ಸುಲಭವಾಗಿ ಓದಿ ಮುಂದಕ್ಕೆ ಹೋಗುವರು. ಆದರೆ ತಾಳೆಯ ಗರಿಯನ್ನು ತರಿಸಿ, ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಲಿಪಿಕಾರನು ಕಂಠದಿಂದ ಒಂದೊಂದಕ್ಷರವನ್ನೂ ಕೊರೆದು, ಮಸಿಯನ್ನು ತೀಡಿ ಒರಸಿ, ರಂಧ್ರಗಳಲ್ಲಿ ದಾರವನ್ನು ಪೋಣಿಸಿ ಒಂದು ಕಟ್ಟನ್ನು ಮುಗಿಸಬೇಕಾದರೆ ಎಷ್ಟು ದಿನಗಳು ಬೇಕು! ಇಂತಹವು ಸಾವಿರ. ತಾರ್ಕಿಕನ ಪ್ರಶ್ನೆಗೆ ಉತ್ತರದ ಅರ್ಧವು ಇಲ್ಲಿದೆ. ಹಾಡು ಸವೆಯದಿರಬಹುದು, ಕಾವ್ಯವು ಕರಗದಿರಬಹುದು. ಆದರೆ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿಸುವವನು ತನ್ನದನ್ನು ಏನನ್ನಾದರೂ ಸವೆಯಿಸಲೇಬೇಕು. ಹಣವೋ, ದಿನಗಳೋ, ಕಣ್ಣುಗಳ ಬೆಳಕೋ.

ಉತ್ತರದ ಉಳಿದರ್ಧಕ್ಕೆ ದೂರ ಹೋಗಬೇಕಾದುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿಯೇ ಅದಕ್ಕೆ ತಕ್ಕ ಇಬ್ಬರು ಮಹನೀಯರು ಹುಟ್ಟಿದರು. ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದರು. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಅಧ್ಯಾಪಕರು. ಇಂಗ್ಲಿಷ್ ಕಾವ್ಯವನ್ನು ಸವಿದು, ಶಿಷ್ಯರಿಗೆ ಪಾಠ ಹೇಳಿ, ಸಂಬಳವನ್ನು ಪಡೆದು ಸುಖವಾಗಿ ಇದ್ದುಬಿಡಬಹುದಾಗಿತ್ತು. ಹಾಗೆ ಇದ್ದವರು ಎಷ್ಟೋ ಮಂದಿ. ಆ ಕವಿತೆಗಳ ಸೊಗಸು ಇಂಗ್ಲಿಷ್ ಬಲ್ಲ ಕೆಲವರ ಸ್ವತ್ತಾಗಿಯೇ ಉಳಿಯುವುದು ಅವರಿಗೆ ಸಹನೆಯಾಗಲಿಲ್ಲ. ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಹೊರಬಂದಿತು. ಅದರೊಳಗಿನ ಅನೇಕ ಕವಿತೆಗಳ ಮೂಲವಿರುವುದು ಪಾಲ್‌ಗ್ರೇವ್ ಎಂಬಾತನು ೧೮೬೧ರಲ್ಲಿ ಆಯ್ದು ಪ್ರಕಟಿಸಿದ ‘ಗೋಲ್ಡನ್ ಟ್ರೆಷರಿ’ಯಲ್ಲಿ. ಒಬ್ಬ ಭಾವಕನು ಆಯ್ದುದನ್ನು ಸಮುದ್ರದ ಈಚೆಯ ಮತ್ತೊಬ್ಬ ಭಾವಕನು ಮತ್ತೆ ಆಯ್ದು ಹೊತ್ತುತಂದನೆಂದಾಯಿತು.

ಹೊತ್ತುತಂದ ರೀತಿಯು ಮುಖ್ಯ. ಇದ್ದುದನ್ನು ಇದ್ದಂತೆ ತಂದು ಸುರಿಯಲಿಲ್ಲ. ಎರಡನೆಯ ಅಕ್ಷರದ ಪ್ರಾಸವಿಲ್ಲದೆ ಪದ್ಯವೇ ಇಲ್ಲವೆಂಬ ಮತವು ಪ್ರಬಲವಾಗಿದ್ದ ಕಾಲದಲ್ಲಿ ಆ ಪ್ರಾಸವನ್ನು ಬಿಟ್ಟರು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬಗೆಬಗೆಯಾಗಿ ಜೋಡಿಸಿ ಹೊಸ ನಡೆಗಳನ್ನು ಕಂಡುಹಿಡಿದರು. ಪರದೇಶದ ಹೂವು ಹಕ್ಕಿ ಹೊಳೆಗಳಿಗೆ ಈ ನಾಡಿನ ಬಣ್ಣವನ್ನು ಕೊಟ್ಟರು. ನ್ಯೂಮನ್ನನು ೧೮೩೩ರಲ್ಲಿ ರಚಿಸಿದ ಪ್ರಾರ್ಥನೆಯು ಅವರ ಕೈಯಲ್ಲಿ ಎಷ್ಟರಮಟ್ಟಿಗೆ ಕನ್ನಡವಾಯಿತೆಂದರೆ, ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹಾಡುವ ಎಷ್ಟೋ ಮಕ್ಕಳಿಗೆ ಅದು ಬೇರೆ ಮತದ ಪಾದ್ರಿಯೊಬ್ಬನದೆಂಬ ಶಂಕೆಯೇ ಬಾರದು. ಸಾಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಕನ್ನಡಿಗರಿಗೆ ಕೊಡಬೇಕೆಂದಾಗ, ಗ್ರೀಕರ ವೀರನನ್ನು ಅರಿಯದ ಓದುಗನಿಗೆ ಮಹಾಭಾರತದ ದ್ರೋಣಪುತ್ರನು ಗೊತ್ತಲ್ಲವೆ ಎಂದು, ೧೯೨೯ರಲ್ಲಿ ‘ಅಶ್ವತ್ಥಾಮನ್’ ಎಂಬ ನಾಟಕವಾಗಿ ಕೊಟ್ಟರು. ಇದು ಸರಿಯೆ ತಪ್ಪೆ ಎಂದು ವಿಮರ್ಶಕರು ವಾದಿಸಬಹುದು. ಗಮನಿಸಬೇಕಾದ ಸಂಗತಿ ಬೇರೆ. ಕೊಡುವವನು ಕೊಡುವ ವಸ್ತುವನ್ನು ಮಾತ್ರ ನೋಡಲಿಲ್ಲ, ತೆಗೆದುಕೊಳ್ಳುವವನ ಕೈಯನ್ನೂ ನೋಡಿದನು. ಅದರ ಜೊತೆಗೆ, ತಾನು ಮೆಚ್ಚಿದುದನ್ನು ತನ್ನ ಹೆಸರಿನಲ್ಲಿ ತನ್ನ ಭಾಷೆಯಲ್ಲಿ ಮುಂದಿಟ್ಟವನು ನಗೆಗೀಡಾಗುವ ಅಪಾಯಕ್ಕೂ ತನ್ನನ್ನು ಒಡ್ಡಿಕೊಂಡನು. ‘ಇದರಲ್ಲಿ ಏನು ಮಹಾ ಇದೆ?’ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವ ಹೊಣೆ ಆತನದು. ತಾರ್ಕಿಕನು ಕೇಳಿದ ತ್ಯಾಗದ ಎರಡನೆಯ ಭಾಗ ಈ ಹೊಣೆಯೇ.

ಅವರ ಶಿಷ್ಯರಾದ ತೀ. ನಂ. ಶ್ರೀಕಂಠಯ್ಯನವರು ಹುಟ್ಟಿದ್ದು ೧೯೦೬ರಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಗುರುವು ಪಶ್ಚಿಮದಿಂದ ತಂದರೆ ಶಿಷ್ಯರು ಸಂಸ್ಕೃತದಿಂದ ತಂದರು. ೧೯೫೩ರ ‘ಭಾರತೀಯ ಕಾವ್ಯಮೀಮಾಂಸೆ’ಯು ಬರುವವರೆಗೆ, ಭರತನಿಂದ ಮೊದಲುಗೊಂಡು ಆನಂದವರ್ಧನ, ಅಭಿನವಗುಪ್ತ, ಮಮ್ಮಟರವರೆಗಿನ ರಸಧ್ವನಿವಿಚಾರದ ಸಮಗ್ರವಾದ ತಿಳಿವಳಿಕೆಯು ಸಂಸ್ಕೃತವನ್ನೋ ಇಂಗ್ಲಿಷನ್ನೋ ಬಲ್ಲವರಿಗೆ ಮಾತ್ರ ಸುಲಭವಾಗಿತ್ತು. ಪಾಠಶಾಲೆಗಳಲ್ಲಿ ಹನ್ನೆರಡು ವರ್ಷ ಕುಳಿತವರು ಆ ಶಾಸ್ತ್ರವನ್ನು ಕಂಠಪಾಠ ಮಾಡಿದರು, ಪರೀಕ್ಷೆಗಳಲ್ಲಿ ತೇರ್ಗಡೆಯಾದರು, ಶಾಲು ಹೊದೆದರು. ಮನೆಯ ಹೆಂಗಸರಿಗೆ ಅದರ ಒಂದು ಮಾತನ್ನಾದರೂ ತಿಳಿಯಹೇಳಿದವರು ಎಷ್ಟು ಮಂದಿ? ಕಾವ್ಯವು ಕಾಂತಾಸಂಮಿತವೆಂದು ಮನೆಯ ಜಗಲಿಯಲ್ಲಿ ಶಿಷ್ಯನಿಗೆ ಪಾಠ, ಒಳಗಿರುವ ಕಾಂತೆಗೆ ಮಾತ್ರ ಆ ಕಾವ್ಯದ ಗಂಧವಿಲ್ಲ! ತೀ. ನಂ. ಶ್ರೀಯವರು ಸಂಸ್ಕೃತ ಬಾರದ ಕನ್ನಡಿಗನನ್ನು ಎದುರಿಗೆ ಕುಳ್ಳಿರಿಸಿಕೊಂಡು, ಶಾಸ್ತ್ರದ ಗೌರವಕ್ಕೆ ಕುಂದು ಬಾರದಂತೆ, ತಿಳಿಯಾದ ಗದ್ಯದಲ್ಲಿ ಅದನ್ನು ಹೇಳಿದರು. ಉದಾಹರಣೆಗಳಿಗಾಗಿ ಕನ್ನಡ ಕಾವ್ಯಗಳನ್ನೂ ಕರೆದುಕೊಂಡರು. ಪಂಡಿತರಿಗೆ ಅವರಿಂದ ಆದ ಉಪಕಾರವು ದೊಡ್ಡದು. ಮೌನದಿಂದ ಕೂಡಿಟ್ಟ ಸಾಲವನ್ನು ಅವರು ತೀರಿಸಿದರು.

ಇಷ್ಟೆಲ್ಲ ಓದು ಇಲ್ಲದ ಕಡೆಯೂ ಹಂಚಿಕೊಳ್ಳುವ ಕ್ರಮವೊಂದು ಹಳ್ಳಿಗಳಲ್ಲಿ ನೆಲೆಗೊಂಡಿತ್ತು. ಕುಮಾರವ್ಯಾಸನ ಭಾರತವನ್ನೂ, ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನೂ ಒಬ್ಬರು ರಾಗವಾಗಿ ವಾಚಿಸುವುದು, ಮತ್ತೊಬ್ಬರು ಅರ್ಥವನ್ನು ಬಿಡಿಸುವುದು. ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನು ಓದಿಸುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಮಳೆ ಬಂದಿತೋ ಇಲ್ಲವೋ, ಓದು ಬಾರದ ರೈತನೂ ಕಾವ್ಯವನ್ನು ಕೇಳಿದನು. ಗಮಕಿಯೂ ವ್ಯಾಖ್ಯಾನಕಾರನೂ ಜೋಡಿಯಾಗಿ ಕುಳಿತುಕೊಳ್ಳುವುದರಲ್ಲಿ ಎಷ್ಟು ವಿವೇಕವಿದೆ! ಮೊದಲನೆಯವನು ಪದ್ಯವನ್ನು ಕೊಡುವನು. ಎರಡನೆಯವನು ಕೇಳುಗನ ಕೈ ಹಿಡಿದು ಅದರ ಹತ್ತಿರಕ್ಕೆ ಕರೆದೊಯ್ಯುವನು. ಅರ್ಥವಾಗದ ಮುಖವನ್ನು ಕಂಡರೆ ಇನ್ನೊಮ್ಮೆ ಹೇಳುವನು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಅಧಿಕಾರಿಯಲ್ಲದವನಿಗೆ ಕೊಟ್ಟ ವಿದ್ಯೆಯು ಕೆಡುವುದು. ಆದುದರಿಂದ ಕೇಳಿದವರಿಗೆಲ್ಲ ಹಂಚಬಾರದು, ಕೇಳದವರಿಗಂತೂ ಕೂಡದು ಎಂಬುದು ಹಿರಿಯರ ಮತ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಅಪೂರ್ವವಾದ ಕೃತಿಯೊಂದನ್ನು ಮದುವೆಯ ಮನೆಯ ಗದ್ದಲದಲ್ಲಿ ಹಾಡಿದರೆ ಅದಕ್ಕೂ ಮರ್ಯಾದೆಯಿಲ್ಲ, ಕೇಳುವವರಿಗೂ ಸುಖವಿಲ್ಲ. ಆದರೆ ಅಧಿಕಾರವೆಂಬ ಮಾತನ್ನು ಕೀಲಿಯಾಗಿ ಬಳಸಿದವರಿಗಿಂತ ಬೀಗವಾಗಿ ಬಳಸಿದವರೇ ಹೆಚ್ಚು. ರಾಮಾನುಜಾಚಾರ್ಯರ ಕಥೆಯನ್ನು ಶ್ರೀವೈಷ್ಣವರ ಮನೆಗಳಲ್ಲಿ ಮಕ್ಕಳೂ ಬಲ್ಲರು. ತಿರುಕ್ಕೋಷ್ಟಿಯೂರಿನ ನಂಬಿಗಳಿಂದ ಹದಿನೆಂಟು ಸಲ ಅಲೆದು ಪಡೆದ ರಹಸ್ಯಾರ್ಥವನ್ನು, ಬಹಿರಂಗಪಡಿಸಿದರೆ ನರಕವೆಂಬ ಕಟ್ಟಳೆಯನ್ನು ತಿಳಿದೂ, ಗೋಪುರವನ್ನೇರಿ ಜನರಿಗೆಲ್ಲ ಕೂಗಿ ಹೇಳಿದರೆಂದು ಸಂಪ್ರದಾಯ. ತಾನೊಬ್ಬನು ನರಕಕ್ಕೆ ಹೋದರೂ ಚಿಂತೆಯಿಲ್ಲವೆಂಬ ಭಾವವೇ ಆ ಕಥೆಯ ಜೀವ. ಗಮನಿಸಿದರೆ, ಅವರು ಕಟ್ಟಳೆಯನ್ನು ಹಗುರವಾಗಿ ಕಾಣಲಿಲ್ಲ. ಅದರ ಬೆಲೆಯನ್ನು ತೆರಲು ಸಿದ್ಧರಾಗಿ ಮುರಿದರು. ಹದಿನೆಂಟು ಸಲ ನಡೆದವರಿಗೆ ಮಾತ್ರ ಗೋಪುರವನ್ನೇರುವ ಹಕ್ಕು ಬರುವುದೆಂದೂ ಈ ಕಥೆಗೆ ಅರ್ಥವನ್ನು ಹೇಳಬಹುದು.

ಹತ್ತಿರದ ಕಾಲಕ್ಕೆ ಬಂದರೆ ನಂಜನಗೂಡಿನ ಕಡೆಯಿಂದ ಬಂದ ಬೆಂಗಳೂರು ನಾಗರತ್ನಮ್ಮನವರ ದೃಷ್ಟಾಂತವಿದೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಕವಯಿತ್ರಿಯು ತೆಲುಗಿನಲ್ಲಿ ಬರೆದ ‘ರಾಧಿಕಾಸಾಂತ್ವನ’ವನ್ನು ಅವರು ಓದಿ ಮೆಚ್ಚಿದರು. ಆಗ ಅಚ್ಚಿನಲ್ಲಿದ್ದ ಪ್ರತಿಯಲ್ಲಿ ಪದ್ಯಗಳನ್ನು ಕತ್ತರಿಸಿದ್ದರೆಂದು ತಿಳಿದು, ಹಸ್ತಪ್ರತಿಯನ್ನು ಹುಡುಕಿಸಿ, ೧೯೧೦ರಲ್ಲಿ ಸಮಗ್ರವಾಗಿ ಪ್ರಕಟಿಸಿದರು. ದೊಡ್ಡವರು ಮುನಿದರು, ಸರಕಾರವು ಪುಸ್ತಕವನ್ನು ನಿಷೇಧಿಸಿತು, ಆ ನಿಷೇಧವು ತೆಗೆಯಲ್ಪಟ್ಟುದು ೧೯೪೭ರಲ್ಲಿ. ಶೃಂಗಾರದ ಕಾವ್ಯವನ್ನು ಎಲ್ಲರ ಮುಂದಿಡಬಹುದೆ ಎಂಬ ಬಗ್ಗೆ ಗೃಹಸ್ಥರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿರಬಹುದು. ಆದರೆ ಗಂಡಸರು ಬರೆದ ಶೃಂಗಾರವನ್ನು ಪಾಠಶಾಲೆಯಲ್ಲಿ ವ್ಯಾಖ್ಯಾನಸಹಿತ ಓದುವವರು, ಹೆಂಗಸೊಬ್ಬಳು ಬರೆದುದನ್ನು ಮತ್ತೊಬ್ಬ ಹೆಂಗಸು ಮೆಚ್ಚಿ ಹಂಚಿದಳೆಂಬ ಕಾರಣದಿಂದ ಮೂಗು ಮುರಿಯುವುದು ನ್ಯಾಯವಾಗದು. ನಾಗರತ್ನಮ್ಮನವರು ತಮ್ಮ ಹೆಸರನ್ನು ಮುಖಪುಟದಲ್ಲಿ ಹಾಕಿಸಿ, ತಮ್ಮ ಮೆಚ್ಚಿಕೆಗೆ ಕಾರಣಗಳನ್ನು ಪೀಠಿಕೆಯಲ್ಲಿ ಹೇಳಿ, ಬಂದ ನಿಂದೆಯನ್ನು ಹೊತ್ತರು.

ಹೆಮ್ಮೆಯ ಪ್ರಶ್ನೆಯೊಂದು ಉಳಿದಿದೆ. ಹಂಚುವವನು ವಸ್ತುವನ್ನು ಹಂಚುವನೋ ತನ್ನನ್ನೇ ಹಂಚುವನೋ ಹೇಗೆ ತಿಳಿಯಬೇಕು? ಪರೀಕ್ಷೆ ಕಷ್ಟವಾದುದಲ್ಲ. ಕೇಳಿದವನು ‘ನನಗೆ ರುಚಿಸಲಿಲ್ಲ’ ಎಂದಾಗ ಹಂಚಿದವನ ಮುಖವನ್ನು ನೋಡಬೇಕು. ಕೃತಿಯನ್ನು ಪ್ರೀತಿಸಿದವನಿಗೆ ವ್ಯಸನವಾಗುವುದು, ಇನ್ನೊಂದು ಬಾಗಿಲಿನಿಂದ ಕರೆದೊಯ್ಯಬಹುದೆ ಎಂದು ಯೋಚಿಸುವನು. ತನ್ನನ್ನೇ ಮೆರೆಯಿಸಹೊರಟವನಿಗೆ ಕೋಪ ಬರುವುದು. ಆದರೆ ಇಬ್ಬರೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರುವುದೂ ಉಂಟು. ಹೆಮ್ಮೆಯ ಲೇಪವಿದೆಯೆಂದು 
ಹಂಚುವುದನ್ನೇ ಬಿಟ್ಟವನು, ಹೊಗೆಯಾಗುವುದೆಂದು ಒಲೆಯನ್ನೇ ಹಚ್ಚದವನಂತೆ, ಮನೆಮಂದಿಯನ್ನು ಉಪವಾಸ ಕೆಡಹುವನು.

ಹಂಚುವುದಕ್ಕೂ ಒಂದು ಕಾಲವಿದೆ. ಎಳನೀರನ್ನು ಕೆತ್ತಿದೊಡನೆ ಕುಡಿಯಬೇಕು. ತಿಪಟೂರಿನ ಉಂಡೆಕೊಬ್ಬರಿಯ ರೀತಿಯೇ ಬೇರೆ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವು ವೇಳೆ ವರ್ಷದವರೆಗೂ ಮುಟ್ಟದೆ ಬಿಡುವರು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದಾಗುವುದು. ಆಮೇಲೆಯೇ ಒಡೆಯುವುದು. ಹಾಡುಗಳಲ್ಲಿಯೂ ಬರೆಹಗಳಲ್ಲಿಯೂ ಈ ಎರಡು ಜಾತಿಗಳುಂಟು. ಬೀದಿಯಲ್ಲಿ ಕೇಳಿದ ಒಂದು ಚೂಟಿಯಾದ ಪದವನ್ನು ಅಂದೇ ಹೇಳಬೇಕು. ಎದೆಗೆ ನಾಟಿದ ದೊಡ್ಡ ಕೃತಿಯನ್ನು ಕೆಲವು ಕಾಲ ಸುಮ್ಮನೆ ಇಟ್ಟುಕೊಂಡಿದ್ದರೆ, ಅದರಲ್ಲಿ ತಾನು ಕಂಡುದೇನೆಂಬುದು ತನಗಾದರೂ ತಿಳಿಯುವುದು.

ಈಗಿನ ಕಾಲದ ಸಾಧನಗಳು ಈ ಕಾಯುವಿಕೆಯನ್ನೆಲ್ಲ ಅಳಿಸಿರುವುವು. ಅದನ್ನು ಕೇವಲ ದೂಷಿಸುವುದು ಸಲ್ಲದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ೩೦ ವಾಟ್ ಶಕ್ತಿಯ ಪ್ರೇಷಕವೊಂದನ್ನು ಇಟ್ಟು, ಸಂಗೀತವನ್ನೂ ಭಾಷಣಗಳನ್ನೂ ಗಾಳಿಯಲ್ಲಿ ಬಿತ್ತಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ಯೆಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಅಂದು ಆ ಮನೆಯಿಂದ ಹೊರಟ ಧ್ವನಿಯು ಮುಟ್ಟಿದುದು ಸ್ವಲ್ಪ ದೂರ. ಇಂದು ತಿಪಟೂರಿನ ಯಾವ ಮನೆಯ ಜಗಲಿಯಲ್ಲಿ ಕುಳಿತವರೂ ಅಂಗೈಯಗಲದ ಮೊಬೈಲಿನಲ್ಲಿ, ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿಕೆಗೆ ಹಾಡಿದ ಗೌಹರ್ ಜಾನ್ ಅವರ ಕಂಠವನ್ನು ಕೇಳಬಹುದು. ಆಕೆಯು ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡರು. ಕೇಳಿ ಸಂತೋಷಪಟ್ಟವರು ಒಂದು ಬೆರಳನ್ನೊತ್ತಿದರೆ ಅದೇ ಹಾಡು ನೂರು ಮನೆಗಳಿಗೆ ಹೋಗುವುದು. ಅತ್ತಿಮಬ್ಬೆಯ ಸಾವಿರ ಪ್ರತಿಗಳು ಒಂದು ನಿಮಿಷದ ಕೆಲಸ.

ಖರ್ಚು ತಪ್ಪಿತು, ಸರಿ. ಖರ್ಚಿನ ಜೊತೆಗೆ ಹೊಣೆಯೂ ತಪ್ಪಿತೆಂದು ತಿಳಿದವರೇ ಹೆಚ್ಚು. ಫಾರ್ವರ್ಡ್ ಎಂದು ಜನರು ಹೇಳುವ ಈ ದಾಟಿಸುವಿಕೆಯಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಹಾಡು, ಚಿತ್ರ, ಸುಭಾಷಿತಗಳನ್ನು ಕಳುಹಿಸುತ್ತಿರುವವನು ಅವುಗಳಲ್ಲಿ ಎಷ್ಟನ್ನು ತಾನು ಪೂರ್ತಿಯಾಗಿ ಕೇಳಿದನು, ನೋಡಿದನು? ರಾಜಶೇಖರನ ಸತೃಣಾಭ್ಯವಹಾರಿಯು ಹುಲ್ಲನ್ನು ತಾನಾದರೂ ನುಂಗುತ್ತಿದ್ದನು; ಈತನು ತಾನು ತಿನ್ನದೆ ಇತರರ ಎಲೆಗೆ ಬಡಿಸುವನು. ಇಂತಹವನು ಕಳುಹಿಸಿದುದರ ನಡುವೆ ಒಂದು ನಿಜವಾದ ರತ್ನವಿದ್ದರೂ ಅದನ್ನು ತೆರೆಯುವ ತಾಳ್ಮೆ ಯಾರಿಗೂ ಇರದು. ವಸ್ತುವು ಎಲ್ಲರಿಗೂ ದೊರೆಯುವ ಕಾಲದಲ್ಲಿ, ‘ಇದನ್ನು ಪೂರ್ತಿಯಾಗಿ ಕೇಳಿದ್ದೇನೆ; ಮೂರನೆಯ ನಿಮಿಷದಲ್ಲಿ ಷಡ್ಜದ ಮೇಲೆ ನಿಲ್ಲುವುದನ್ನು ಗಮನಿಸು’ ಎಂಬ ಎರಡು ಮಾತೇ ದುರ್ಲಭವಾದ ವಸ್ತು. ತಾರ್ಕಿಕನು ಹುಡುಕುತ್ತಿದ್ದ ತ್ಯಾಗವು ಇಂದು ಈ ಎರಡು ಮಾತಿನಲ್ಲಿ ಇದೆ. ಅಂತಹ ಮಾತನ್ನು ಆಡುವುದಕ್ಕೆ ಅರ್ಧ ಗಂಟೆ ಕಿವಿಯನ್ನು ಕೊಟ್ಟಿರಬೇಕು.

ಹೆಸರನ್ನು ಕಳೆಯುವುದು ಇನ್ನೂ ಕೆಟ್ಟ ದೋಷ. ಯಾರೋ ಬರೆದುದನ್ನು ಯಾರದೋ ಹೆಸರಿನಲ್ಲಿ, ಇಲ್ಲವೆ ಹೆಸರೇ ಇಲ್ಲದೆ, ದಾಟಿಸುವರು. ಗ್ರಂಥಸ್ವಾಮ್ಯದ ೧೯೫೭ರ ಕಾನೂನು ಲೇಖಕನ ಮರಣಾನಂತರ ೬೦ ವರ್ಷಗಳವರೆಗೆ ಹಕ್ಕನ್ನು ಕೊಡುವುದು. ೧೯೪೬ರಲ್ಲಿ ತೀರಿಕೊಂಡ ಶ್ರೀಕಂಠಯ್ಯನವರ ಕೃತಿಗಳು ಆ ಲೆಕ್ಕದಲ್ಲಿ ೨೦೦೭ರಿಂದ ಎಲ್ಲರ ಸ್ವತ್ತು. ಆದರೆ ಹೆಸರನ್ನು ಹೇಳುವ ಋಣಕ್ಕೆ ಅವಧಿಯೆಂಬುದಿಲ್ಲ. ಬಾಯಿಂದ ಬಾಯಿಗೆ ದಾಟುವ ಪದ್ಯದಿಂದ ಹೆಸರು ಕಳಚಿಹೋಗುವುದೆಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲರು. ವಚನಕಾರರೂ ಹರಿದಾಸರೂ ಅಂಕಿತವನ್ನು ರಚನೆಯ ಹೊಟ್ಟೆಯೊಳಗೇ ಇಟ್ಟರು. ಹಾಡಿದವನು ಅದನ್ನೂ ಹಾಡಲೇಬೇಕು. ನುಗ್ಗೇಹಳ್ಳಿಯ ಗುಡಿಯ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನು ತನ್ನ ಹೆಸರನ್ನು ಕೊರೆದನು. ಗೌಹರ್ ಜಾನ್ ಅವರೂ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ಧ್ವನಿಮುದ್ರಿಕೆಯನ್ನು ಸಿದ್ಧಪಡಿಸುವವರಿಗೆ ಗುರುತಾಗಲೆಂದು ಹೇಳಿದ ಆ ಮಾತು, ಒಂದು ಶತಮಾನವು ಕಳೆದ ಮೇಲೂ ಹಾಡನ್ನು ಬಿಟ್ಟುಹೋಗಿಲ್ಲ.

ಹಂಚಬಾರದುದೂ ಉಂಟೆ? ಒಂದು ಮನೆಯ ಅಟ್ಟದಲ್ಲಿ ಅಜ್ಜಿಯು ಕೈಯಾರೆ ಬರೆದಿಟ್ಟ ಹಾಡಿನ ನೋಟುಪುಸ್ತಕವು ಮೊಮ್ಮಗಳಿಗೆ ಸಿಕ್ಕಿತೆಂದು ಭಾವಿಸಬಹುದು. ಅದರಲ್ಲಿ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರ ಹಾಡು, ಲಾಲಿಯ ಹಾಡುಗಳಿವೆ. ಕೊನೆಯ ಪುಟಗಳಲ್ಲಿ, ಹೋದ ಮಗುವನ್ನು ನೆನೆದು ಅಜ್ಜಿಯು ತಾನೇ ಕಟ್ಟಿಕೊಂಡ ಎರಡು ನುಡಿಗಳೂ ಇವೆ. ಮೊದಲಿನವನ್ನು ತಡಮಾಡದೆ ಹಂಚಬೇಕು. ಹಾಡುವ ಕಂಠಗಳು ಒಂದೊಂದಾಗಿ ಆರಿಹೋಗುತ್ತಿವೆ. ಎರಡನೆಯದರಲ್ಲಿ ರಸವು ಹೆಚ್ಚಾಗಿದ್ದರೂ, ಆ ದುಃಖವಿನ್ನೂ ಸಾಧಾರಣೀಕರಣವನ್ನು ಹೊಂದಿಲ್ಲ, ಅದು ಒಬ್ಬಾಕೆಯದು. ಅಜ್ಜಿಯಿದ್ದರೆ ಆಕೆಯನ್ನು ಕೇಳಬೇಕು. ಆಕೆ ಇಲ್ಲದಿದ್ದರೆ ಮನೆಯ ಹಿರಿಯರು ಕೂತು ಯೋಚಿಸಬೇಕು. ಒಪ್ಪಿಗೆಯಾಗದಿದ್ದರೆ ಮನೆಯಲ್ಲಿಯೇ ಹಾಡಿಕೊಳ್ಳಬೇಕು. ಮುಚ್ಚಿಡುವುದೆಂದರೆ ಗೆದ್ದಲಿಗೆ ಕೊಡುವುದೆಂದು ಮಾತ್ರ ಅರ್ಥವಾಗಬಾರದು.

ಕೆಲವು ವಸ್ತುಗಳನ್ನು ಕಳುಹಿಸಲಾಗುವುದೇ ಇಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರನ ಗುಡಿಯಿದೆ. ಅದರ ಚಾವಣಿಯ ನಡುವೆ ನರ್ತಿಸುವ ಶಿವನು, ಸುತ್ತಲೂ ವಾಹನಾರೂಢರಾದ ಎಂಟು ಮಂದಿ ದಿಕ್ಪಾಲಕರು. ಕೊಬ್ಬರಿಯ ಮಾರುಕಟ್ಟೆಗೆ ದೂರದೂರದಿಂದ ಬರುವವರು ಅದನ್ನು ಕಾಣದೆ ಹಿಂದಿರುಗುವರು. ಸುತ್ತಮುತ್ತಲಿನ ಊರುಗಳಲ್ಲಿಯೇ ಹುಟ್ಟಿ ಬೆಳೆದವರಲ್ಲಿಯೂ ಕಾಣದವರುಂಟು. ಛಾಯಾಚಿತ್ರಗಳಲ್ಲಿ ಅದು ಗೋಡೆಗೆ ತಗಲಿಸಿದ ಪಟದಂತೆ ತೋರುವುದು. ತಲೆಯ ಮೇಲಿನ ಕಲ್ಲಿನ ಭಾರವಾಗಲಿ ಆ ಭಾರದೊಳಗಿನ ಕುಣಿತವಾಗಲಿ ತಿಳಿಯುವುದಿಲ್ಲ. ಬಲ್ಲವನು ಬಾರದವನನ್ನು ಕರೆದುಕೊಂಡೇ ಹೋಗಬೇಕು. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಏನೂ ಕಾಣದು. ಆಗ ಆತುರದಿಂದ ವಿವರಿಸತೊಡಗದೆ, ಕತ್ತಲೆಗೆ ಕಣ್ಣು ಹೊಂದುವವರೆಗೆ ಇಬ್ಬರೂ ಸುಮ್ಮನೆ ನಿಲ್ಲಬೇಕು. ಜೊತೆಯಲ್ಲಿ ಮಕ್ಕಳಿದ್ದರೆ ಅವರು ಶಿವನನ್ನು ಬಿಟ್ಟು ಮೊದಲು ಆನೆಯನ್ನೂ ಕೋಣವನ್ನೂ ಹುಡುಕುವರು. ಯಾವುದು ಯಾರ ವಾಹನವೆಂದು ಕೇಳಿದಾಗ, ಕತ್ತು ನೋಯುತ್ತಿದ್ದರೂ, ಒಂದೊಂದು ದಿಕ್ಕಿನ ಕಡೆಗೂ ತಿರುಗಿ ಹೇಳಬೇಕಾಗುವುದು.